ಬಿಲ್ಡಪ್ ಎಷ್ಟು, ಹಾಡು ಎಷ್ಟು? ‘ಓವರ್‌ರೇಟೆಡ್’ ಬ್ಯಾಂಡು, ಗಾಯಕರ ಬಗ್ಗೆ ಮುಂಬಯಿ, ಪುಣೆ, ಗೋವಾ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಒಬ್ಬ ಗಾಯಕನನ್ನೋ ಬ್ಯಾಂಡನ್ನೋ ಓವರ್‌ರೇಟೆಡ್ (ಯೋಗ್ಯತೆಗಿಂತ ಹೆಚ್ಚು ಹೊಗಳಿಸಿಕೊಂಡವರು) ಅನ್ನಬೇಕಾದರೆ ಏನು ನೋಡಬೇಕು?

ದೂರು ಯಾವುದರ ಮೇಲೆ ಅನ್ನೋದು ಮೊದಲು ತೀರ್ಮಾನ ಆಗಲಿ. ಹಾಡು ಕಟ್ಟುವ ಶಕ್ತಿ ಒಂದು, ಕಂಠ ಅಥವಾ ಕೈಯ ತಯಾರಿ ಇನ್ನೊಂದು, ಸ್ಟುಡಿಯೊದಲ್ಲಿ ಹಚ್ಚುವ ಮೆರುಗು ಮತ್ತೊಂದು. ವೇದಿಕೆ ಮೇಲೆ ಎರಡು ಗಂಟೆ ಜನರನ್ನು ಹಿಡಿದಿಡುವುದು ನಾಲ್ಕನೆಯದು. ಈ ನಾಲ್ಕರಲ್ಲೂ ಗಟ್ಟಿ ಇರುವವರು ಬೆರಳೆಣಿಕೆಯಷ್ಟು. ಅಭಿಮಾನಿಗಳು ಹೊಗಳುವುದು ಒಂದಕ್ಕೆ, ಬೈಯುವವರು ಬೈಯುವುದು ಇನ್ನೊಂದಕ್ಕೆ. ಹಾಗಾಗಿ ಜಗಳ ಎಳೆದಷ್ಟೂ ಎಳೆಯುತ್ತದೆ. ‘ಇವರ ಗಿಟಾರ್ ಕೆಲಸಕ್ಕೆ ಸಿಕ್ಕ ಹೊಗಳಿಕೆ ಜಾಸ್ತಿಯಾಯಿತು’ ಅಂದರೆ ಪರೀಕ್ಷೆ ಮಾಡಿ ನೋಡಬಹುದು. ‘ಇವರು ಸುಮ್ಮನೆ ಬಿಲ್ಡಪ್’ ಅಂದರೆ ಪರೀಕ್ಷೆಗೆ ಏನೂ ಸಿಗುವುದಿಲ್ಲ.

ಟಿಕೆಟಿನ ಬೆಲೆಯ ಲೆಕ್ಕ ಬೇರೆಯೇ. ಸಂಗೀತ ಚೆನ್ನಾಗಿದ್ದೂ ಟಿಕೆಟ್ ದಂಡ ಆಗಬಹುದು.

ಮನೆಯಲ್ಲೇ ಕೂತು ಪರೀಕ್ಷೆ ಮಾಡುವುದು ಹೇಗೆ?

ಮೂರು ರೆಕಾರ್ಡಿಂಗ್ ಸಾಕು. ಎಲ್ಲರ ಬಾಯಲ್ಲಿರುವ ಒಂದು ಹಿಟ್, ಅದೇ ಆಲ್ಬಮ್ಮಿನಲ್ಲಿ ಯಾರೂ ಕೇಳದ ಒಂದು ಹಾಡು, ಆಮೇಲೆ ಪ್ರೇಕ್ಷಕರಲ್ಲಿ ಯಾರೋ ಮೊಬೈಲಿನಲ್ಲಿ ಹಿಡಿದ ಲೈವ್ ತುಣುಕು. ಕಂಪನಿ ಬಿಡುಗಡೆ ಮಾಡಿದ ‘ಲೈವ್’ ಆಲ್ಬಮ್ ಈ ಕೆಲಸಕ್ಕೆ ಬೇಡ. ವೇದಿಕೆಯಲ್ಲಿ ತಪ್ಪಿದ ಸ್ವರವನ್ನು ಆಮೇಲೆ ಸ್ಟುಡಿಯೊದಲ್ಲಿ ಮತ್ತೆ ಹಾಡಿಸಿ ಕೂರಿಸುವುದು ಹಳೆಯ ರೂಢಿ.

ಫೋನ್ ಕವುಚಿಡಿ, ವಿಡಿಯೊ ನೋಡಬೇಡಿ. ಕಣ್ಣಿಗೆ ನೃತ್ಯ, ಲೈಟು, ಮುಖ ಕಂಡರೆ ಕಿವಿ ತನ್ನ ಕೆಲಸ ಬಿಟ್ಟುಬಿಡುತ್ತದೆ.

ಆಮೇಲೆ ವಾಲ್ಯೂಮ್. ಎಲ್ಲರೂ ಎಡವುವುದು ಇಲ್ಲೇ. ಎರಡು ಹಾಡುಗಳಲ್ಲಿ ಒಂದು 1 ಡೆಸಿಬೆಲ್ ಜೋರಾಗಿದ್ದರೂ ಕಿವಿಗೆ ಅದು ‘ಜೋರು’ ಅನಿಸುವುದಿಲ್ಲ, ‘ಚೆನ್ನಾಗಿದೆ’ ಅನಿಸುತ್ತದೆ. ಸ್ಪಾಟಿಫೈ ಎಲ್ಲ ಹಾಡುಗಳನ್ನೂ ಸುಮಾರು ಮೈನಸ್ 14 ಲಫ್ಸ್ (ಕಿವಿಗೆ ಕೇಳುವ ಜೋರಿನ ಅಳತೆ) ಮಟ್ಟಕ್ಕೆ ತಂದು ಕೇಳಿಸುತ್ತದೆ. ಯೂಟ್ಯೂಬ್ ಜೋರಿನದನ್ನು ಇಳಿಸುತ್ತದೆ, ಮೆತ್ತಗಿರುವುದನ್ನು ಏರಿಸುವುದಿಲ್ಲ. ಅದಕ್ಕೇ ಪಿ.ಬಿ. ಶ್ರೀನಿವಾಸ್ ಅವರ ಹಳೆಯ ಹಾಡು ಯೂಟ್ಯೂಬಿನಲ್ಲಿ ಸಪ್ಪೆ ಅನಿಸಿ, ಅದರ ಹಿಂದೆಯೇ ಬರುವ ಹೊಸ ಹಾಡು ಮೈ ಜುಮ್ಮೆನ್ನಿಸುತ್ತದೆ. ಹಳೆಯದಕ್ಕೆ ಕೈಯಾರೆ ಎರಡು ಮೂರು ಹಂತ ಏರಿಸಿ, ಇಬ್ಬರ ದನಿಯೂ ಒಂದೇ ಎತ್ತರದಲ್ಲಿ ಕೇಳುವಂತೆ ಮಾಡಿಕೊಂಡು ಹೋಲಿಸಿ.

ಫೋನಿನ ಸ್ಪೀಕರ್ ಬೇಡವೇ ಬೇಡ. ಬಾಸ್ ಗಿಟಾರಿನ ಅತಿ ಕೆಳಗಿನ ತಂತಿ 41 ಹರ್ಟ್ಜ್‌ನಲ್ಲಿ ಮಿಡಿಯುತ್ತದೆ, ಫೋನಿನ ಸ್ಪೀಕರಿಗೆ ಅದರ ಹತ್ತಿರ ಹೋಗಲೂ ಆಗದು. ಲೋಕಲ್ ಟ್ರೇನೂ ಬೇಡ. ಡೊಂಬಿವಲಿ ಫಾಸ್ಟ್‌ನಲ್ಲಿ ಬಾಗಿಲ ಹತ್ತಿರ ನಿಂತು ನಿಧಾನ ಲಯದ ವಿಲಂಬಿತ ಖಯಾಲ್ ಕೇಳಿ ‘ಏನೂ ಆಗುತ್ತಲೇ ಇಲ್ಲ’ ಅಂದರೆ ತಪ್ಪು ಗಾಯಕರದಲ್ಲ.

ನವಿ ಮುಂಬಯಿಯಲ್ಲಿ ಕೋಲ್ಡ್‌ಪ್ಲೇ ಟಿಕೆಟಿಗೆ ಜನ ಮುಗಿಬಿದ್ದರಲ್ಲ, ಅಷ್ಟು ಯೋಗ್ಯತೆ ಇದೆಯೇ?

2025ರ ಜನವರಿ 18, 19 ಮತ್ತು 21ರಂದು ನೆರೂಲ್‌ನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ನಡೆದ ಆ ಶೋಗಳಿಗೆ ಅಧಿಕೃತ ಟಿಕೆಟ್ 2,500 ರೂಪಾಯಿಯಿಂದ 35,000ದವರೆಗೆ ಇತ್ತು. 2016ರ ನವೆಂಬರಿನಲ್ಲಿ ಇದೇ ಬ್ಯಾಂಡ್ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಎಂಎಂಆರ್‌ಡಿಎ ಮೈದಾನಕ್ಕೂ ಬಂದಿತ್ತು.

ಹಾಡು ಕಟ್ಟುವುದರಲ್ಲಿ ಇವರ ಒಳ್ಳೆಯ ಸರಕು 2000 ಮತ್ತು 2002ರಲ್ಲಿ ಬಂದ ಮೊದಲ ಎರಡು ಆಲ್ಬಮ್ಮುಗಳಲ್ಲಿದೆ. ಆಮೇಲಿನ ಬಹಳಷ್ಟು ಹಾಡುಗಳನ್ನು ಕ್ರೀಡಾಂಗಣದಲ್ಲಿ ಐವತ್ತು ಸಾವಿರ ಜನ ಒಟ್ಟಿಗೆ ‘ಓ ಓ’ ಅನ್ನಲು ಅನುಕೂಲವಾಗುವಂತೆ ಕಟ್ಟಿದ್ದಾರೆ. ಗಾಯಕ ಕ್ರಿಸ್ ಮಾರ್ಟಿನ್ ಅವರ ಕಂಠ ಮಧ್ಯಮ. ಫಾಲ್ಸೆಟ್ಟೊಗೆ, ಅಂದರೆ ತೆಳುವಾದ ಮೇಲಿನ ದನಿಗೆ, ಜಾರುವ ಜಾಗ ಮಾತ್ರ ಸೊಗಸು. ಕೈಗೆ ಕಟ್ಟುವ ಮಿನುಗು ಪಟ್ಟಿ, ಲೇಸರ್, ಬಣ್ಣದ ಕಾಗದದ ಮಳೆ ಇವೆಲ್ಲ ಸೇರಿ ಶೋ ಆಗಿ ಹಣ ವಸೂಲು. ಆದರೆ 35,000ದ ಸೀಟಿನಲ್ಲಿ ಸಿಗುವುದು ಸವಲತ್ತು. ಶಬ್ದ ಚೆನ್ನಾಗಿ ಕೇಳಬೇಕಾದರೆ ನಿಲ್ಲಬೇಕಾದದ್ದು ಮೈದಾನದ ನಡುವೆ ಸೌಂಡ್ ಕನ್ಸೋಲಿನ ಟೆಂಟು ಇರುತ್ತದಲ್ಲ, ಅದರ ಆಸುಪಾಸಿನಲ್ಲಿ. ಸೌಂಡ್ ಎಂಜಿನಿಯರ್ ತನ್ನ ಕಿವಿಗೆ ಕೇಳಿದಂತೆ ಶಬ್ದ ಹೊಂದಿಸುತ್ತಾನೆ. ಅವನ ಪಕ್ಕದಲ್ಲಿ ನಿಂತವರಿಗೆ ಅದೇ ಶಬ್ದ ಸಿಗುತ್ತದೆ.

ದೊಡ್ಡ ಪರದೆಯಲ್ಲಿ ಗಾಯಕನ ತುಟಿಗೂ ದನಿಗೂ ಹೊಂದುತ್ತಿರಲಿಲ್ಲ. ಬಾಯಾಡಿಸಿ ಮೋಸ ಮಾಡಿದರಲ್ಲವೇ?

ಹೆಚ್ಚಿನ ಸಲ ಅಲ್ಲ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ. ನೀವು ವೇದಿಕೆಯಿಂದ 100 ಮೀಟರ್ ದೂರದಲ್ಲಿದ್ದರೆ ದನಿ 0.29 ಸೆಕೆಂಡ್ ತಡವಾಗಿ ಬರುತ್ತದೆ. ಎದುರು ಸ್ಟ್ಯಾಂಡಿನಲ್ಲಿ 150 ಮೀಟರ್ ಆಚೆ ಕೂತರೆ 0.44 ಸೆಕೆಂಡ್. ಪರದೆಯ ಚಿತ್ರ ಮಾತ್ರ ಕಣ್ಣಿಗೆ ಆ ಕ್ಷಣವೇ ತಲುಪುತ್ತದೆ. ತುಟಿ ಮೊದಲು, ಹಾಡು ಆಮೇಲೆ.

ಮೈದಾನದ ಮಧ್ಯೆ ಎತ್ತರದ ಕಂಬಗಳಿಗೆ ಕಟ್ಟಿದ ಸ್ಪೀಕರುಗಳನ್ನು ನೋಡಿರುತ್ತೀರಿ. ಅವನ್ನು ಡಿಲೇ ಟವರ್ ಅನ್ನುತ್ತಾರೆ. ವೇದಿಕೆಯಿಂದ ಶಬ್ದ ಅಲ್ಲಿಗೆ ತಲುಪುವ ಹೊತ್ತಿಗೆ ಸರಿಯಾಗಿ ಅವು ದನಿ ಹೊರಡಿಸುವಂತೆ ಬೇಕೆಂದೇ ತಡ ಮಾಡಿರುತ್ತಾರೆ. ಇಲ್ಲದಿದ್ದರೆ ಒಂದೇ ಹಾಡು ಎರಡೆರಡು ಸಲ ಕೇಳುತ್ತದೆ. ಆ ತಡವನ್ನು ಶಬ್ದಕ್ಕೆ ಶಬ್ದ ಹೊಂದಲೆಂದು ಇಡುತ್ತಾರೆಯೇ ಹೊರತು ಪರದೆಯ ತುಟಿಗಾಗಿ ಅಲ್ಲ.

ಹಾಗಾದರೆ ನಿಜವಾಗಿ ಬಾಯಾಡಿಸುವುದನ್ನು ಹಿಡಿಯುವುದು ಹೇಗೆ?

ತುಟಿ ಬಿಟ್ಟು ಮೈಕ್ ನೋಡಿ. ಗಾಯಕ ಮೈಕನ್ನು ಬಾಯಿಂದ ಒಂದು ಗೇಣು ದೂರ ಸರಿಸಿದಾಗ ದನಿ ತೆಳ್ಳಗಾಗಲೇಬೇಕು, ಸುತ್ತಲಿನ ಡ್ರಮ್ಮಿನ ಸದ್ದು ಒಳಗೆ ನುಗ್ಗಲೇಬೇಕು. ದೂರ ಹೋದರೂ ದನಿ ಹಾಗೇ ತುಂಬಿಕೊಂಡು ಬರುತ್ತಿದ್ದರೆ ಅದು ಟ್ರ್ಯಾಕ್, ಅಂದರೆ ಮೊದಲೇ ರೆಕಾರ್ಡ್ ಮಾಡಿಟ್ಟದ್ದು. ‘ಪ’, ‘ಬ’ ಬಂದಾಗ ಮೈಕಿನಲ್ಲಿ ಗಾಳಿಯ ಗುದ್ದು ಕೇಳುತ್ತದೆಯೇ ನೋಡಿ. ಓಡಿ ಕುಣಿದ ಮರುಕ್ಷಣ ಎಳೆದ ಸ್ವರದಲ್ಲಿ ಏದುಸಿರು ಇಲ್ಲದಿದ್ದರೆ ಅನುಮಾನಪಡಿ.

ಪೂರ್ತಿ ಬಾಯಾಡಿಸುವುದಕ್ಕಿಂತ ಈಗ ಹೆಚ್ಚು ನಡೆಯುವುದು ಅರ್ಧಂಬರ್ಧದ ಆಟ. ಕೆಳಗೆ ರೆಕಾರ್ಡ್ ಆದ ದನಿ ಸಣ್ಣಗೆ ಓಡುತ್ತಿರುತ್ತದೆ, ಗಾಯಕ ಅದರ ಮೇಲೆ ಹಾಡುತ್ತಾನೆ, ಸುಸ್ತಾದಾಗ ಎಂಜಿನಿಯರ್ ಕೆಳಗಿನದನ್ನು ಏರಿಸುತ್ತಾನೆ. ಆಗ ಒಂದೇ ಗಂಟಲಿನ ಎರಡು ದನಿ, ಕೂದಲೆಳೆ ಹಿಂದೆ ಮುಂದೆ, ಕೇಳುತ್ತವೆ. ಸಾಲಿನ ಕೊನೆಯ ಅಕ್ಷರ ಎರಡು ಸಲ ಮುಗಿದಂತೆ ಕೇಳಿದರೆ ಗುಟ್ಟು ಬಯಲಾಯಿತು.

ಮೈಕಲ್ ಜಾಕ್ಸನ್ 1996ರ ನವೆಂಬರ್ 1ರಂದು ಅಂಧೇರಿಯ ಕ್ರೀಡಾ ಸಂಕೀರ್ಣಕ್ಕೆ ಬಂದಿದ್ದು ಯಾವ ಪ್ರವಾಸದಲ್ಲೋ, ಆ ಪ್ರವಾಸದ ಉದ್ದಕ್ಕೂ ಹಲವು ಹಾಡುಗಳು ಟ್ರ್ಯಾಕಿನ ಮೇಲೆಯೇ ನಡೆದವು. ಹಾಗಂತ ಆತ ಹಾಡಲು ಬಾರದವನಲ್ಲ. ಆ ನೃತ್ಯ, ಆ ಉಸಿರು ಎರಡೂ ಒಟ್ಟಿಗೆ ನಡೆಯುವಂಥವಲ್ಲ, ಅಷ್ಟೇ.

ಎಡ್ ಶೀರನ್ ಮೇಲಿನ ‘ಎಲ್ಲ ಟ್ರ್ಯಾಕ್’ ಅನ್ನುವ ದೂರು ಮಾತ್ರ ಅನ್ಯಾಯ. ಒಬ್ಬನೇ ನಿಂತು ಹಾಡುವಾಗ ಆತ, ನುಡಿಸಿದ್ದನ್ನು ಅಲ್ಲೇ ರೆಕಾರ್ಡ್ ಮಾಡಿ ಮತ್ತೆ ಮತ್ತೆ ಕೇಳಿಸುವ ಲೂಪ್ ಪೆಡಲಿನಲ್ಲಿ, ನಿಮ್ಮೆದುರೇ ಮೊದಲು ಗಿಟಾರಿನ ಮೈ ತಟ್ಟಿ ತಾಳ ಹಿಡಿದು, ಅದರ ಮೇಲೆ ಸ್ವರ, ಅದರ ಮೇಲೆ ದನಿ ಪೇರಿಸುತ್ತಾನೆ. ಪ್ರತಿ ಪದರವೂ ಮೊದಲ ಸಲ ಒಂದೊಂದಾಗಿಯೇ ಕೇಳುವುದರಿಂದ ಕದಿಯಲು ಜಾಗವಿಲ್ಲ.

ಆಟೊಟ್ಯೂನ್ ಇದ್ದರೆ ಯಾರು ಬೇಕಾದರೂ ಹಾಡಬಹುದು ಅನ್ನುತ್ತಾರೆ, ನಿಜವೇ?

ಸ್ವರ ಸರಿ ಮಾಡಬಹುದು. ಉಸಿರು, ಉಚ್ಚಾರ, ತಾಳದಲ್ಲಿ ಕೂರುವುದು, ದನಿಯ ಬಣ್ಣ ಇವನ್ನು ಮಾಡಿಕೊಡುವುದಿಲ್ಲ. ಆ್ಯಂಟಾರೆಸ್ ಕಂಪನಿ 1997ರಲ್ಲಿ ಈ ಸಾಫ್ಟ್‌ವೇರನ್ನು ಹೊರತಂದಿತು. ಕಟ್ಟಿದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕೆ ಮುಂಚೆ ತೈಲ ಹುಡುಕುವವರಿಗಾಗಿ ಭೂಮಿಯೊಳಗಿನ ಕಂಪನಗಳ ಲೆಕ್ಕ ಮಾಡುತ್ತಿದ್ದವರು.

ಪತ್ತೆ ಮಾಡಲು ಎರಡು ಜಾಗ ನೋಡಿ. ಒಂದು, ಉದ್ದಕ್ಕೆ ಎಳೆದ ಸ್ವರ. ಮನುಷ್ಯನ ಗಂಟಲಲ್ಲಿ ಅದು ಕೂದಲಷ್ಟು ಅಲುಗುತ್ತಲೇ ಇರುತ್ತದೆ, ತಿದ್ದಿದ ದನಿ ಗೆರೆ ಎಳೆದಂತೆ ನಿಲ್ಲುತ್ತದೆ. ಇನ್ನೊಂದು, ಜಾರು. ಗಾಂಧಾರದಿಂದ ಪಂಚಮಕ್ಕೆ ಮೀಂಡಿನಲ್ಲಿ ಹೋಗುವಾಗ ನಡುವಿನ ದಾರಿ ಬಿಡುವಿಲ್ಲದೆ ಕೇಳಬೇಕು. ತಿದ್ದುವ ವೇಗ ಜಾಸ್ತಿ ಇಟ್ಟಿದ್ದರೆ ದಾರಿ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ನಮ್ಮ ಹಾಡುಗಳಿಗೆ ಪೆಟ್ಟು ಹೆಚ್ಚು ಬೀಳುವುದು ಈ ಕಾರಣಕ್ಕೆ. ಗಮಕವನ್ನು ಅದು ತಪ್ಪು ಸ್ವರ ಎಂದೇ ತಿಳಿಯುತ್ತದೆ.

ಅದರ ಮೇಲೆ ಸರಿಗಮದ ಲೆಕ್ಕ ಬೇರೆ. ತಂಬೂರಿಯ ಜೊತೆ ಕೂಡುವ ಶುದ್ಧ ಗಾಂಧಾರ ಕೀಬೋರ್ಡಿನ ಗಾಂಧಾರಕ್ಕಿಂತ 14 ಸೆಂಟ್ ಕೆಳಗಿರುತ್ತದೆ, ಅಂದರೆ ಅರ್ಧ ಸ್ವರದ ಏಳನೇ ಒಂದು ಭಾಗ. ಆಟೊಟ್ಯೂನ್ ಮಾಮೂಲಿಯಾಗಿ ಎಳೆದು ಕೂರಿಸುವುದು ಕೀಬೋರ್ಡಿನ ಜಾಗಕ್ಕೆ. ಒಳ್ಳೆಯ ಗಾಯಕಿ ಸರಿಯಾಗಿ ಹಾಡಿದ ಗಾಂಧಾರವನ್ನೂ ಅದು ‘ತಿದ್ದಿ’ ಹಾಳು ಮಾಡಬಲ್ಲದು.

ಒಂದು ಹಾಡಿನಲ್ಲಿ ಆಟೊಟ್ಯೂನ್ ಸಿಕ್ಕಿತು ಅಂತ ಗಾಯಕರಿಗೆ ಬರುವುದಿಲ್ಲ ಎಂದು ಷರಾ ಬರೆಯಬೇಡಿ. ಗಡುವು ಹತ್ತಿರ ಬಂದಾಗ ಮರು ಟೇಕ್ ತೆಗೆಯುವ ಬದಲು ಎಂಜಿನಿಯರ್ ಗುಂಡಿ ಒತ್ತುತ್ತಾನೆ.

ಯು2 ಬ್ಯಾಂಡಿನ ಗಿಟಾರಿಸ್ಟ್ ಎಡ್ಜ್ ನುಡಿಸುವುದು ಅಂದರೆ ಬರೀ ಪೆಡಲ್ ಅಂತಾರಲ್ಲ?

2019ರ ಡಿಸೆಂಬರ್ 15ರಂದು ಇದೇ ಡಿ.ವೈ. ಪಾಟೀಲ್‌ನಲ್ಲಿ ಕೇಳಿದವರಲ್ಲೂ ಈ ದೂರು ಇದೆ. ಕೆಲಸ ಹೇಗೆ ನಡೆಯುತ್ತದೆ ನೋಡಿ, ಆಮೇಲೆ ನೀವೇ ಹೇಳಿ.

ಹಾಡಿನ ವೇಗ ನಿಮಿಷಕ್ಕೆ 120 ಬೀಟ್ ಅಂದುಕೊಳ್ಳಿ. 60,000ವನ್ನು 120ರಿಂದ ಭಾಗಿಸಿದರೆ ಒಂದು ಬೀಟಿಗೆ 500 ಮಿಲಿಸೆಕೆಂಡ್. ಅದರ ಮುಕ್ಕಾಲು ಭಾಗ 375. ನುಡಿಸಿದ ಸ್ವರವನ್ನು ಸ್ವಲ್ಪ ತಡವಾಗಿ ಮತ್ತೆ ಕೇಳಿಸುವ ಡಿಲೇ ಪೆಡಲನ್ನು ಆ 375ಕ್ಕೆ ಇಟ್ಟು, ಕೈಯಲ್ಲಿ ಬೀಟಿಗೆ ಎರಡರಂತೆ ಸರಳ ಸ್ವರ ನುಡಿಸುತ್ತಾ ಹೋದರೆ, ಮರುದನಿ ನಿಮ್ಮ ಎರಡು ಸ್ವರಗಳ ನಡುವಿನ ಖಾಲಿ ಜಾಗದಲ್ಲೇ ಬಂದು ಬೀಳುತ್ತದೆ. ಕೈ ಎಂಟು ನುಡಿಸಿದರೆ ಕಿವಿಗೆ ಹದಿನಾರು.

ಸುಲಭ ಅನಿಸುತ್ತದೆ. ಆದರೆ ಡ್ರಮ್ಮರ್ 122ಕ್ಕೆ ಓಡಿದ ಅಂದುಕೊಳ್ಳಿ, ಬೇಕಾದದ್ದು 369 ಮಿಲಿಸೆಕೆಂಡ್, ಪೆಡಲಿನಲ್ಲಿರುವುದು 375. ಮರುದನಿಯ ಮರುದನಿಗೆ ಆ ವ್ಯತ್ಯಾಸ 12 ಆಗುತ್ತದೆ, ಅದರ ಮುಂದಿನದಕ್ಕೆ 18. ಹೀಗೆ ಗಿಟಾರೂ ಡ್ರಮ್ಮೂ ಕುಂಟತೊಡಗುತ್ತವೆ. ಅದಕ್ಕೇ ಇಂಥ ಹಾಡುಗಳಲ್ಲಿ ಡ್ರಮ್ಮರ್ ಕಿವಿಗೆ ತಾಳ ಎಣಿಸುವ ಕ್ಲಿಕ್ ಸದ್ದು ಹಾಕಿಕೊಂಡಿರುತ್ತಾನೆ. ಬೆರಳಿನ ವೇಗವೇ ಸಾಮರ್ಥ್ಯ ಅನ್ನುವವರಿಗೆ ಎಡ್ಜ್ ಖಂಡಿತ ಓವರ್‌ರೇಟೆಡ್. ಹೊಸ ಶಬ್ದ ಕಂಡುಹಿಡಿದವರಿಗೆ ಬೆಲೆ ಕೊಡುವವರಿಗೆ ಅಲ್ಲ. ನಮ್ಮ ಮತ ಎರಡನೆಯದಕ್ಕೆ. ಅದೇ ಬ್ಯಾಂಡಿನ ಗಾಯಕ ಬೊನೊ ಭಾಷಣಗಳ ವಿಷಯದಲ್ಲಿ ಮಾತ್ರ ದೂರುದಾರರ ಜೊತೆ ನಮ್ಮ ತಕರಾರಿಲ್ಲ.

ಬೀಟಲ್ಸ್‌ನ ಡ್ರಮ್ಮರ್ ರಿಂಗೊ ಸ್ಟಾರ್?

ಎಡಗೈಯವನು, ಬಲಗೈಯವರ ಡ್ರಮ್ ಸೆಟ್ ಮೇಲೆ ನುಡಿಸುತ್ತಾನೆ. ಹಾಗಾಗಿ ಡ್ರಮ್ಮಿನಿಂದ ಡ್ರಮ್ಮಿಗೆ ಸಾಗುವ ಉರುಳಿಕೆಗಳು ಬೇರೆಯವರಿಗೆ ಸಲೀಸಾಗಿ ಕೂರುವುದಿಲ್ಲ. ಕೇಳಲು ಸಾದಾ, ನಕಲು ಮಾಡಲು ಹೊರಟರೆ ಗೊತ್ತಾಗುತ್ತದೆ. ಮುಂದಿನ ಪ್ರಶ್ನೆ.

ಎಲ್ಲ ಪಾಪ್ ಹಾಡುಗಳೂ ಅದೇ ನಾಲ್ಕು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಅಲ್ಲವೇ?

ತುಂಬಾ ಹಾಡುಗಳು ಹೌದು. ಸಿ, ಜಿ, ಎ ಮೈನರ್, ಎಫ್. ಈ ನಾಲ್ಕನ್ನು ಇದೇ ಕ್ರಮದಲ್ಲಿ ಗಿಟಾರಿನಲ್ಲಿ ಸುತ್ತುತ್ತಾ ಹೋದರೆ ಹತ್ತಾರು ಹಿಟ್‌ಗಳನ್ನು ಒಂದರ ಹಿಂದೆ ಒಂದು ಹಾಡಬಹುದು. ಆದರೆ ಕಾರ್ಡ್ ಒಂದೇ ಆದ ಮಾತ್ರಕ್ಕೆ ಹಾಡು ಒಂದೇ ಆಗುವುದಿಲ್ಲ. ಕಛೇರಿ ಮುಗಿಸುವವರೆಲ್ಲ ಭೈರವಿ ಹಾಡುತ್ತಾರೆ, ಎಲ್ಲರ ಭೈರವಿಯೂ ಒಂದೇ ಅನ್ನುತ್ತೇವೆಯೇ? ಇಲ್ಲಿ ನೋಡಬೇಕಾದದ್ದು ಒಂದೇ ಬ್ಯಾಂಡು ತನ್ನದೇ ರಾಗವನ್ನು, ತನ್ನದೇ ಏರಿಳಿತವನ್ನು ಮತ್ತೆ ಮತ್ತೆ ಮಾರುತ್ತಿದೆಯೇ ಅನ್ನೋದು. ನಿಕಲ್‌ಬ್ಯಾಕ್ ಬ್ಯಾಂಡಿನ ಮೇಲಿನ ದೂರು ಅದೇ. ಮೆತ್ತಗೆ ಶುರು, ಪಲ್ಲವಿಯಲ್ಲಿ ಅಬ್ಬರ, ನಡುವೆ ಒಂದು ನಿಲುಗಡೆ, ಮತ್ತೆ ಅಬ್ಬರ. ಅವರ ಯಾವುದಾದರೂ ನಾಲ್ಕು ಹಾಡು ಹಾಕಿ, ಪಲ್ಲವಿ ಎಷ್ಟನೇ ಸೆಕೆಂಡಿಗೆ ಬರುತ್ತದೆ ಅಂತ ಬರೆದಿಡಿ, ದೂರು ನಿಜವೋ ಸುಳ್ಳೋ ತಿಳಿಯುತ್ತದೆ.

ಗೋವಾದಲ್ಲಿ ಡಿಜೆ ಬರೀ ಗುಂಡಿ ಒತ್ತುವುದಕ್ಕೆ ಅಷ್ಟು ದುಡ್ಡೇ?

2007ರಲ್ಲಿ ಕಾಂದೋಳಿಯಲ್ಲಿ ಸನ್‌ಬರ್ನ್ ಡಿಜೆ ಸಂಗೀತೋತ್ಸವ ಶುರುವಾದಾಗಿನಿಂದ ಕೇಳಿಬರುವ ಪ್ರಶ್ನೆ ಇದು. ಒತ್ತುವವರೂ ಇದ್ದಾರೆ, ಮಾಡುವವರೂ ಇದ್ದಾರೆ.

ಇಂಥ ಸಂಗೀತ ಸಾಮಾನ್ಯವಾಗಿ ನಿಮಿಷಕ್ಕೆ 128 ಬೀಟಿನಲ್ಲಿ, 32 ಬೀಟುಗಳ ಕಟ್ಟಾಗಿ ಓಡುತ್ತದೆ. ಅಂದರೆ ಒಂದೊಂದು ಕಟ್ಟು ಸರಿಯಾಗಿ 15 ಸೆಕೆಂಡ್. ಹೊಸ ಹಾಡು ಒಳಗೆ ಬರುವುದು ಆ 15 ಸೆಕೆಂಡಿನ ಗಡಿಯಲ್ಲಿ ಆಗಬೇಕು. ನಡುವೆ ಬಂದರೆ ಕಾಲು ತಪ್ಪುತ್ತದೆ. ಎರಡು ಹಾಡಿನ ಬಾಸ್ ಒಟ್ಟಿಗೆ ಓಡಿದರೆ ಶಬ್ದ ಗೊಜ್ಜಾಗುತ್ತದೆ, ಅದಕ್ಕೆ ಹಳೆಯದರ ಬಾಸ್ ನಾಬ್ ಇಳಿಸಿ ಹೊಸದರದ್ದು ಏರಿಸುವುದು ಒಂದೇ ಬೀಟಿನಲ್ಲಿ ಆಗಬೇಕು. ಸಿಂಕ್ ಗುಂಡಿ ವೇಗ ಹೊಂದಿಸುತ್ತದೆ, ಈ ಎರಡನ್ನು ಮಾಡಿಕೊಡುವುದಿಲ್ಲ.

ದೊಡ್ಡ ವೇದಿಕೆಗಳಲ್ಲಿ ಬೇರೆ ಸಮಸ್ಯೆ. ಪಟಾಕಿ, ಬೆಂಕಿ, ಪರದೆಯ ಚಿತ್ರ ಎಲ್ಲವನ್ನೂ ಹಾಡಿನ ಟೈಮ್‌ಕೋಡಿಗೆ (ಸೆಕೆಂಡುಗಳ ಗುರುತಿಗೆ) ಕಟ್ಟಿಬಿಟ್ಟಿದ್ದರೆ ಹಾಡಿನ ಕ್ರಮ ಬದಲಿಸಲು ಡಿಜೆಗೆ ಹೆಚ್ಚು ಸ್ವಾತಂತ್ರ್ಯ ಇರುವುದಿಲ್ಲ. ಬೆಂಕಿ ಪ್ರತಿ ಸಲ ಸರಿಯಾಗಿ ಡ್ರಾಪಿಗೇ (ತಾಳ ಅಬ್ಬರದಿಂದ ಮರಳುವ ಗಳಿಗೆಗೇ) ಏಳುತ್ತಿದ್ದು, ಕೈ ಎರಡೂ ಸದಾ ಆಕಾಶದಲ್ಲಿದ್ದರೆ ಸೆಟ್ ಮೊದಲೇ ತಯಾರಾಗಿದೆ ಎಂದು ತಿಳಿಯಿರಿ. ಅದೇ ಡಿಜೆಯನ್ನು ಇನ್ನೂರು ಜನರ ಚಿಕ್ಕ ಜಾಗದಲ್ಲಿ ಕೇಳಿ, ಜನ ಸುಸ್ತಾದಾಗ ಏನು ಹಾಕುತ್ತಾನೆ ನೋಡಿ. ಆ ಗಳಿಗೆಯಲ್ಲಿ ಸರಿಯಾದ ಹಾಡು ಆರಿಸುವುದೇ ನಿಜವಾದ ಕೆಲಸ.

ಲತಾ ಮಂಗೇಶ್ಕರ್ 25,000 ಹಾಡು ಹಾಡಿದ್ದು ನಿಜವೇ?

ಗಿನ್ನೆಸ್ ಪುಸ್ತಕ 1974ರಲ್ಲಿ ಹಾಗೆ ಬರೆದಿತ್ತು: 1948ರಿಂದ 1974ರ ನಡುವೆ, 20 ಭಾಷೆಗಳಲ್ಲಿ, 25,000ಕ್ಕೆ ಕಡಿಮೆಯಿಲ್ಲ. ಕೂಡಿ ಕಳೆದು ನೋಡಿ. 26 ವರ್ಷ ಅಂದರೆ ವರ್ಷಕ್ಕೆ 960, ಭಾನುವಾರ ಹಬ್ಬ ಬಿಡದೆ ದಿನಕ್ಕೆ ಎರಡೂವರೆಗೂ ಹೆಚ್ಚು. ಇಡೀ ಆರ್ಕೆಸ್ಟ್ರಾವನ್ನು ಕೂರಿಸಿಕೊಂಡು, ಯಾರಾದರೂ ಒಬ್ಬರು ತಪ್ಪಿದರೆ ಮೊದಲಿನಿಂದ ನುಡಿಸಬೇಕಾದ ಕಾಲ ಅದು. ಮಹಮ್ಮದ್ ರಫಿ ಈ ಲೆಕ್ಕಕ್ಕೆ ತಕರಾರು ತೆಗೆದರು, ಕೊನೆಗೆ 1991ರಲ್ಲಿ ಗಿನ್ನೆಸ್ ಅದನ್ನು ಕೈಬಿಟ್ಟಿತು. ಹಿಂದಿ ಚಿತ್ರಗೀತೆಗಳನ್ನು ಒಂದೊಂದಾಗಿ ಪಟ್ಟಿ ಮಾಡಿದ ಸಂಗ್ರಾಹಕರ ಲೆಕ್ಕದಲ್ಲಿ ಲತಾ ಅವರದ್ದು ಐದು ಸಾವಿರದ ಆಸುಪಾಸು. 2011ರಲ್ಲಿ ಗಿನ್ನೆಸ್ ಆಶಾ ಭೋಸ್ಲೆ ಅವರಿಗೆ 11,000ದವರೆಗಿನ ಸಂಖ್ಯೆಯನ್ನೂ, 2016ರಲ್ಲಿ ಪಿ. ಸುಶೀಲಾ ಅವರಿಗೆ 17,695 ಹಾಡುಗಳನ್ನೂ ಮಾನ್ಯ ಮಾಡಿತು.

ಇಲ್ಲಿ ಓವರ್‌ರೇಟೆಡ್ ಆದದ್ದು ಸಂಖ್ಯೆ. ಕಂಠ ಅಲ್ಲ. ಕಂಠದ ಮೇಲೆ ದೂರು ಇರುವವರು ಎಂಬತ್ತರ ದಶಕದ ನಂತರದ ಹಾಡುಗಳನ್ನು ಹಿಡಿದು ಮಾತಾಡಲಿ. ಆಗ ದನಿ ತೆಳುವಾಗಿದ್ದರೂ ಸಂಗೀತ ನಿರ್ದೇಶಕರು ಶ್ರುತಿ ಇಳಿಸಲಿಲ್ಲ. ಅಂಥ ಹಾಡುಗಳಲ್ಲಿ ತಾರ ಷಡ್ಜದ ಮೇಲಿನ ಜಾಗ ಕೀರಲಾಗಿ ಕೇಳುತ್ತದೆ.

ಹಳೆಯ ಹಿಂದಿ ಸಂಗೀತ ನಿರ್ದೇಶಕರಿಗೆ ಸಿಕ್ಕ ಹೆಸರು ಪೂರ್ತಿ ಅವರದ್ದೇ?

ಇಲ್ಲ, ಈ ವಿಷಯದಲ್ಲಿ ನಮಗೆ ಮುಲಾಜಿಲ್ಲ. ರಾಗ ಅವರದ್ದು. ಆದರೆ ನೀವು ಗುನುಗುವ ಹಾಡಿನಲ್ಲಿ ಅರ್ಧದಷ್ಟು, ಅಂದರೆ ಶುರುವಿನ ವಾದ್ಯ, ಚರಣಗಳ ನಡುವಿನ ಇಂಟರ್‌ಲ್ಯೂಡ್, ದನಿಯ ಹಿಂದೆ ಪಿಟೀಲುಗಳು ಬೇರೆಯೇ ಒಂದು ರಾಗ ನುಡಿಸುತ್ತವಲ್ಲ ಅದು, ಬಹಳ ಸಲ ಅರೇಂಜರ್ ಬರೆದದ್ದು. ಆ ಅರೇಂಜರುಗಳಲ್ಲಿ ದೊಡ್ಡ ಪಾಲು ಗೋವಾದವರು.

ಕಾರಣ ಇದೆ. ಗೋವಾದ ಚರ್ಚ್ ಶಾಲೆಗಳಲ್ಲಿ ಮಕ್ಕಳಿಗೆ ಪಾಶ್ಚಾತ್ಯ ಸ್ವರಲಿಪಿ ಓದಿ ಬರೆಯಲು ಕಲಿಸುತ್ತಿದ್ದರು. ಮುಂಬಯಿಯ ಸಂಗೀತ ನಿರ್ದೇಶಕರಲ್ಲಿ ಹೆಚ್ಚಿನವರು ಹಾರ್ಮೋನಿಯಂ ಹಿಡಿದು ರಾಗ ಕಟ್ಟುವವರು, ಅವರಿಗೆ ಆ ಲಿಪಿ ಬರುತ್ತಿರಲಿಲ್ಲ. ನಿರ್ದೇಶಕ ಹಾಡಿ ತೋರಿಸಬೇಕು. ಅರೇಂಜರ್ ಅದನ್ನು ಬರೆದುಕೊಂಡು ಪಿಟೀಲಿಗೊಂದು, ಚೆಲ್ಲೋಗೊಂದು, ಟ್ರಂಪೆಟ್ಟಿಗೊಂದು ಸಾಲು ಹೊಸೆಯಬೇಕು. ಕಾಪಿಸ್ಟ್ ಪ್ರತಿ ವಾದ್ಯದ ಹಾಳೆ ಬೇರೆ ಬೇರೆ ನಕಲು ಮಾಡಿ ಸ್ಟ್ಯಾಂಡಿನ ಮೇಲಿಡಬೇಕು. ಮಹಾಲಕ್ಷ್ಮಿಯ ಫೇಮಸ್ ಸ್ಟುಡಿಯೊ, ತಾರ್ದೇವ್‌ನ ಫಿಲ್ಮ್ ಸೆಂಟರ್‌ನಂಥ ಕಡೆ ವರ್ಷಾನುಗಟ್ಟಲೆ ಕೆಲಸ ನಡೆದದ್ದು ಹೀಗೆ.

ಶಂಕರ್ ಜೈಕಿಶನ್ ಮತ್ತು ಓ.ಪಿ. ನಯ್ಯರ್ ಇಬ್ಬರಿಗೂ ಅರೇಂಜ್ ಮಾಡಿದವರು ಸೆಬಾಸ್ಟಿಯನ್ ಡಿಸೋಜ. ಮಜೋರ್ಡಾದಲ್ಲಿ 1927ರಲ್ಲಿ ಹುಟ್ಟಿದ ಆಂಥನಿ ಗೊನ್ಸಾಲ್ವಿಸ್ ಹತ್ತಿರ ಪಿಟೀಲು ಕಲಿತವರಲ್ಲಿ ಲಕ್ಷ್ಮೀಕಾಂತ್ ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲ್ ಒಬ್ಬರು. ಚಿತ್ರದ ಟೈಟಲ್ ಕಾರ್ಡಿನಲ್ಲಿ ಇಂಥವರ ಹೆಸರು ಸಣ್ಣಕ್ಷರದಲ್ಲಿ ‘ಸಹಾಯಕ’ ಅಂತ ಬರುತ್ತಿತ್ತು, ಅಥವಾ ಬರುತ್ತಲೇ ಇರಲಿಲ್ಲ.

ಪರೀಕ್ಷೆ ಸುಲಭ. ಇಷ್ಟದ ಹಳೆಯ ಹಾಡನ್ನು ಹಾರ್ಮೋನಿಯಂ, ತಬಲಾ ಎರಡರಲ್ಲೇ ಯಾರಾದರೂ ಹಾಡಿದ್ದನ್ನು ಕೇಳಿ. ಅಷ್ಟರಲ್ಲೂ ಹಾಡು ನಿಂತರೆ ಯಶಸ್ಸು ರಾಗ ಕಟ್ಟಿದವರದ್ದು. ‘ಏನೋ ಕೊರತೆ’ ಅನಿಸಿದರೆ ಆ ಕೊರತೆಯ ಅಳತೆಯೇ ಅರೇಂಜರ್ ಪಾಲು. ಓ.ಪಿ. ನಯ್ಯರ್ ಹಾಡುಗಳಲ್ಲಿ ಕೊರತೆ ಜಾಸ್ತಿ ಅನಿಸುತ್ತದೆ. ಮದನ್ ಮೋಹನ್ ಗಜಲ್‌ಗಳಲ್ಲಿ ಕಮ್ಮಿ.

ಸ್ಯಾಕ್ಸೊಫೋನಿನಲ್ಲಿ ಕೆನ್ನಿ ಜಿ ಯಾಕೆ ಅಷ್ಟು ಬೈಸಿಕೊಳ್ಳುತ್ತಾರೆ?

1997ರಲ್ಲಿ ಒಂದೇ ಸ್ವರವನ್ನು 45 ನಿಮಿಷ 47 ಸೆಕೆಂಡ್ ಊದಿ ದಾಖಲೆ ಮಾಡಿದವರು. ಕೆನ್ನೆಯಲ್ಲಿ ಗಾಳಿ ತುಂಬಿಟ್ಟುಕೊಂಡು, ಅದನ್ನು ಹೊರಗೆ ತಳ್ಳುವಾಗಲೇ ಮೂಗಿನಿಂದ ಉಸಿರೆಳೆಯುವ ತಂತ್ರ ಅದು. ನಮ್ಮ ಶಹನಾಯಿ, ನಾಗಸ್ವರದವರಿಗೆ ಹೊಸದಲ್ಲ. ಬೈಗುಳಕ್ಕೆ ಕಾರಣ, ಅಷ್ಟು ಉಸಿರಿದ್ದೂ ಸ್ವರಗಳಲ್ಲಿ ಅಪಾಯ ತೆಗೆದುಕೊಳ್ಳದೆ ಇರುವುದು. ಪಕ್ಕದಲ್ಲೇ ಕದ್ರಿ ಗೋಪಾಲನಾಥರನ್ನು ಹಾಕಿ ಕೇಳಿ. ಕೀಲಿಗಳಿರುವ ವಾದ್ಯದಲ್ಲಿ ಗಮಕ ತರಲು ತುಟಿಯ ಬಿಗಿ ಸಡಿಲಿಸಿ ಸ್ವರವನ್ನು ಬಗ್ಗಿಸಬೇಕು. ಬಗ್ಗಿಸಿದ್ದು ಜಾಸ್ತಿಯಾದರೆ ಅಪಶ್ರುತಿ, ಕಡಿಮೆಯಾದರೆ ಬ್ಯಾಂಡ್ ಸೆಟ್ಟು. ಆ ಅಂಚಿನಲ್ಲಿ ಎರಡೂವರೆ ಗಂಟೆ ನಡೆದವರು ಅವರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದರು.

ಪುಣೆಯಲ್ಲಿ ಭೀಮಸೇನ ಜೋಶಿ ಅವರನ್ನು ಹೊಗಳುವುದು ಅತಿಯಾಗಲಿಲ್ಲವೇ? ಮನ್ಸೂರರನ್ನು ಯಾಕೆ ಯಾರೂ ನೆನೆಯುವುದಿಲ್ಲ?

ಧಾರವಾಡ ಕಡೆಯವರು ಪುಣೆಯಲ್ಲಿ ಸೇರಿದರೆ ಈ ಮಾತು ಬಂದೇ ಬರುತ್ತದೆ. ಒಬ್ಬರು ಗದಗ ಜಿಲ್ಲೆಯ ರೋಣದವರು, ಇನ್ನೊಬ್ಬರು ಧಾರವಾಡದ ಪಕ್ಕದ ಮನಸೂರಿನವರು, ಮನೆ ಜಗಳವೇ.

ಭೀಮಸೇನರ ಮೇಲಿನ ದೂರಿನಲ್ಲಿ ಒಂದು ಸತ್ಯಾಂಶ ಇದೆ. ವೇದಿಕೆಯಲ್ಲಿ ಅವರು ಮತ್ತೆ ಮತ್ತೆ ಹಾಡಿದ ರಾಗಗಳು ಕೆಲವೇ: ಶುದ್ಧ ಕಲ್ಯಾಣ, ಪೂರಿಯಾ ಧನಾಶ್ರೀ, ಮುಲ್ತಾನಿ, ಮಿಯಾಂ ಕಿ ತೋಡಿ, ದರ್ಬಾರಿ, ಅಭೋಗಿ. ಜೈಪುರ ಅತ್ರೌಲಿ ಘರಾಣೆಯ ಮಂಜಿ ಖಾನ್, ಭುರ್ಜಿ ಖಾನ್ ಹತ್ತಿರ ಕಲಿತ ಮಲ್ಲಿಕಾರ್ಜುನ ಮನ್ಸೂರರು ಶಿವಮತ ಭೈರವ, ಖಟ್, ಏಕ ನಿಷಾದ ಬಿಹಾಗಡಾದಂಥ ಅಪರೂಪದ ರಾಗಗಳನ್ನು ಸಲೀಸಾಗಿ ಬಿಚ್ಚುತ್ತಿದ್ದರು. ರಾಗಗಳ ಸಂಖ್ಯೆಯೇ ಅಳತೆಯಾದರೆ ಮನ್ಸೂರರು ಮುಂದೆ, ಚರ್ಚೆಯೇ ಇಲ್ಲ.

ಆದರೆ ಭೀಮಸೇನರ ಕಿರಾನಾ ಘರಾಣೆಯ ಹಾದಿ ಬೇರೆ. ಅಲ್ಲಿ ಒಂದು ಸ್ವರದ ಮೇಲೆ ನಿಂತು ಅದರ ಸುತ್ತ ಮನೆ ಕಟ್ಟಬೇಕು. ಅದೇ ಶುದ್ಧ ಕಲ್ಯಾಣದ ಬೇರೆ ಬೇರೆ ವರ್ಷದ ಎರಡು ರೆಕಾರ್ಡಿಂಗ್ ಹಿಡಿದು, ಮಂದ್ರದಲ್ಲಿ ಎಷ್ಟು ಹೊತ್ತು ತಂಗುತ್ತಾರೆ, ಗಾಂಧಾರದಿಂದ ಪಂಚಮಕ್ಕೆ ಯಾವ ದಾರಿ ಹಿಡಿಯುತ್ತಾರೆ ಅಂತ ನೋಡಿ. ಎರಡೂ ಒಂದೇ ಅನಿಸಿದರೆ ಆಗ ಬೈಯಿರಿ.

ಹೆಸರಿನಲ್ಲಿ ವ್ಯತ್ಯಾಸ ಬಂದದ್ದಕ್ಕೆ ಸಂಗೀತದ ಹೊರಗಿನ ಕಾರಣಗಳೂ ಇವೆ. ಗುರು ಸವಾಯಿ ಗಂಧರ್ವರ ಹೆಸರಿನಲ್ಲಿ 1953ರಿಂದ ಪುಣೆಯಲ್ಲಿ ನಡೆದುಬಂದ ಉತ್ಸವವನ್ನು ಭೀಮಸೇನರು ಬೆಳೆಸಿದರು, ಮರಾಠಿ ಅಭಂಗ ಹಾಡಿ ಮನೆಮನೆಗೆ ಹೋದರು, ನಮಗೆ ದಾಸರ ಪದ ಕೊಟ್ಟರು. ಮನ್ಸೂರರು ಧಾರವಾಡದಲ್ಲೇ ಉಳಿದರು.

ರವಿಶಂಕರ್ ವಿದೇಶದಲ್ಲಿ ಹೆಸರಾದ್ದರಿಂದ ದೊಡ್ಡವರಾದರೇ?

ಅಮೆರಿಕದ ಸಂಗೀತೋತ್ಸವಗಳಾದ ಮಾಂಟೆರೆ 1967, ವುಡ್‌ಸ್ಟಾಕ್ 1969 ಹೆಸರು ಹೆಚ್ಚಿಸಿದ್ದು ಹೌದು. ವಿಲಾಯತ್ ಖಾನರು ಕೆಳಗಿನ ಖರಜದ ತಂತಿ ಕೈಬಿಟ್ಟು ಸಿತಾರಿನಲ್ಲಿ ಹಾಡಿದಂತೆ ನುಡಿಸಿದರು. ರವಿಶಂಕರ್ ಖರಜ ಇಟ್ಟುಕೊಂಡು ಆಲಾಪವನ್ನು ಬೀನಿನಷ್ಟು (ರುದ್ರವೀಣೆಯಷ್ಟು) ಕೆಳಗೆ ಒಯ್ದರು, ಲಯದ ಆಟ ಬೆಳೆಸಿದರು. ಮೀಂಡಿನ ಮಾಧುರ್ಯ ಹುಡುಕುವವರು ರವಿಶಂಕರ್ ಓವರ್‌ರೇಟೆಡ್ ಅನ್ನುತ್ತಾರೆ, ಆಲಾಪದ ಆಳ ಹುಡುಕುವವರು ಅನ್ನುವುದಿಲ್ಲ. ಇಬ್ಬರಿಗಿಂತ ನಿಖಿಲ್ ಬ್ಯಾನರ್ಜಿ ಮೇಲು ಅನ್ನುವ ಮೂರನೇ ಪಕ್ಷವೂ ಒಂದಿದೆ, ಅವರ ಜೊತೆ ವಾದಕ್ಕೆ ಇಳಿಯಬೇಡಿ.

ಸಂಘದ ರಾಜ್ಯೋತ್ಸವಕ್ಕೆ ಟಿವಿಯಲ್ಲಿ ಹೆಸರಾದ ಗಾಯಕರನ್ನು ಕರೆಸಬೇಕು ಅಂತಿದ್ದೇವೆ. ಹಣ ದಂಡ ಆಗದಂತೆ ಏನು ನೋಡಬೇಕು?

ಟಿವಿ ಶೋದಲ್ಲಿ ಗಾಯಕರು ಎರಡು ಮೂರು ನಿಮಿಷ ಹಾಡುತ್ತಾರೆ, ಅದೂ ವಾರವಿಡೀ ತಾಲೀಮು ಮಾಡಿದ ಒಂದು ಹಾಡು. ನಿಮಗೆ ಬೇಕಾದದ್ದು ಎರಡು ಗಂಟೆ. ಮೊದಲೇ 15 ಹಾಡಿನ ಪಟ್ಟಿಯನ್ನು ಪ್ರತಿ ಹಾಡಿನ ಶ್ರುತಿಯೊಂದಿಗೆ ಕೇಳಿ. ಹಾರ್ಮೋನಿಯಂನ ಕಪ್ಪು ಮನೆಗಳ ಲೆಕ್ಕದಲ್ಲಿ ಗಂಡಸರಾದರೆ ಕಪ್ಪು ಒಂದು, ಕಪ್ಪು ಎರಡು, ಹೆಂಗಸರಾದರೆ ಕಪ್ಪು ನಾಲ್ಕು, ಕಪ್ಪು ಐದು ಅಂತ ಥಟ್ಟನೆ ಹೇಳಬೇಕು. ‘ಅಲ್ಲಿಗೆ ಬಂದು ನೋಡೋಣ’ ಅಂದರೆ ಟ್ರ್ಯಾಕಿನ ಮೇಲೆ ಹಾಡುವವರು.

ಒಪ್ಪಂದದಲ್ಲಿ ಬರೆಸಬೇಕಾದದ್ದು: ಎಷ್ಟು ಹಾಡು ಲೈವ್, ಎಷ್ಟು ಟ್ರ್ಯಾಕ್, ವೇದಿಕೆಯ ಮೇಲೆ ಎಷ್ಟು ನಿಮಿಷ, ವಾದ್ಯದವರು ಯಾರ್‍ಯಾರು, ಅವರ ಸಂಭಾವನೆ ಗಾಯಕರ ಮೊತ್ತದಲ್ಲಿ ಸೇರಿದೆಯೋ ಇಲ್ಲವೋ, ಪ್ರಯಾಣ ಮತ್ತು ವಸತಿ ಯಾರದ್ದು, ಸಂಭಾವನೆ ತೆರಿಗೆ ಕಳೆದದ್ದೋ ಸೇರಿದ್ದೋ. ಟಿಡಿಎಸ್ ಸಾಮಾನ್ಯವಾಗಿ 10 ಶೇಕಡಾ. ಬಾಯಿಮಾತಿನಲ್ಲಿ ‘ಒಂದು ಲಕ್ಷ’ ಅಂದದ್ದು ಕೊನೆಗೆ ‘ಕೈಗೆ ಒಂದು ಲಕ್ಷ’ ಆಗಿಬಿಡುತ್ತದೆ, ಖಜಾಂಚಿ ಪರದಾಡುತ್ತಾರೆ.

ಮುನ್ನೂರು ನಾನ್ನೂರು ಜನರ ಹಾಲ್‌ಗೆ ಎರಡು ಕೀಬೋರ್ಡ್, ಆಕ್ಟೊಪ್ಯಾಡ್ (ಎಲೆಕ್ಟ್ರಾನಿಕ್ ತಾಳವಾದ್ಯ), ಢೋಲಕ್ ತಬಲಾ, ಬಾಸ್, ಕೊಳಲು ಇದ್ದರೆ ಧಾರಾಳ. ಹಣ ಉಳಿದರೆ ಗಾಯಕರ ಹೆಸರಿಗೆ ಸುರಿಯದೆ ಮಾನಿಟರ್ ಸ್ಪೀಕರಿಗೆ ಹಾಕಿ. ತನ್ನ ದನಿ ತನಗೆ ಕೇಳದ ಗಾಯಕ ಎಷ್ಟು ದೊಡ್ಡವನಾದರೂ ಶ್ರುತಿ ಏರಿಸಿಬಿಡುತ್ತಾನೆ. ಸೌಂಡ್ ಚೆಕ್‌ಗೆ ಎರಡು ಗಂಟೆ ಬಿಡಿ. ಅಧ್ಯಕ್ಷರ ಭಾಷಣ, ಸನ್ಮಾನ ಎಲ್ಲ ಆ ಎರಡು ಗಂಟೆಯನ್ನು ತಿನ್ನದಂತೆ ನೋಡಿಕೊಳ್ಳಿ. ಚಿತ್ರಗೀತೆ ಹಾಡಿಸುವುದಾದರೆ ಹಾಡುಗಳ ಹಕ್ಕು ನೋಡಿಕೊಳ್ಳುವ ಐಪಿಆರ್‌ಎಸ್ ಸಂಸ್ಥೆಯ ಪರವಾನಗಿ ಬೇಕಾಗುತ್ತದೆ. ತೆರೆದ ಜಾಗದಲ್ಲಾದರೆ ರಾತ್ರಿ 10ಕ್ಕೆ ಧ್ವನಿವರ್ಧಕ ಬಂದ್. ಮುಖ್ಯ ಗಾಯಕರನ್ನು ಒಂಬತ್ತೂವರೆಗೆ ವೇದಿಕೆ ಹತ್ತಿಸಿದರೆ ಅವರು ಓವರ್‌ರೇಟೆಡ್ ಅನಿಸಿಕೊಳ್ಳುವುದು ನಿಮ್ಮಿಂದ.

ಸವಾಯಿ ಗಂಧರ್ವ ಉತ್ಸವಕ್ಕೆ ಮೊದಲ ಸಲ ಹೋಗುತ್ತಿದ್ದೇವೆ. ದೊಡ್ಡ ಹೆಸರಿನವರು ನಿಜವಾಗಿ ಚೆನ್ನಾಗಿ ಹಾಡುತ್ತಿದ್ದಾರಾ ಅಂತ ತಿಳಿಯುವುದು ಹೇಗೆ?

ವಿಲಂಬಿತ ಏಕತಾಲದ ಠೇಕಾ (ತಬಲಾದ ಬೋಲ್‌ಗಳ ಒಂದು ಸುತ್ತು) ಬಾಯಿಪಾಠ ಮಾಡಿಕೊಂಡು ಹೋಗಿ: ಧಿಂ ಧಿಂ ಧಾಗೆ ತಿರಕಿಟ, ತೂ ನಾ ಕತ್ ತಾ, ಧಾಗೆ ತಿರಕಿಟ ಧೀ ನಾ. ಹನ್ನೆರಡು ಮಾತ್ರೆ. ನಿಧಾನದ ಲಯದಲ್ಲಿ ಒಂದು ಸುತ್ತಿಗೆ ಮುಕ್ಕಾಲು ನಿಮಿಷವೂ ಹಿಡಿಯಬಹುದು. ತಬಲಾದವರು ‘ಧಾಗೆ ತಿರಕಿಟ ಧೀ ನಾ’ಕ್ಕೆ ಬಂದಾಗ ಗಾಯಕರು ಎಲ್ಲಿದ್ದಾರೆ ನೋಡಿ. ತಯಾರಿ ಇರುವವರು ಅಲ್ಲಿಂದ ಅವಸರವಿಲ್ಲದೆ ಮುಖಡಾ (ಹಾಡಿನ ಮೊದಲ ಸಾಲು) ಎತ್ತಿಕೊಂಡು ಸಮಕ್ಕೆ, ಅಂದರೆ ಸುತ್ತಿನ ಮೊದಲ ಮಾತ್ರೆಗೆ, ಇಳಿಯುತ್ತಾರೆ. ತಯಾರಿ ಇಲ್ಲದವರು ಅಕ್ಷರಗಳನ್ನು ತುರುಕುತ್ತಾರೆ, ಇಲ್ಲವೇ ಬೇಗ ಮುಗಿಸಿ ಸಮಕ್ಕೆ ಕಾಯುತ್ತಾ ಕೂರುತ್ತಾರೆ.

ಚಪ್ಪಾಳೆಯನ್ನು ಅಳತೆ ಮಾಡಿಕೊಳ್ಳಬೇಡಿ. ವೇಗದ ತಾನ್‌ಗೆ, ತಬಲಾ ಜೊತೆಗಿನ ಸವಾಲ್ ಜವಾಬ್‌ಗೆ ಯಾವ ಊರಿನಲ್ಲೂ ಚಪ್ಪಾಳೆ ಬೀಳುತ್ತದೆ. ಮೊದಲ ಇಪ್ಪತ್ತು ನಿಮಿಷದ ಬಢತ್‌ನಲ್ಲಿ (ರಾಗವನ್ನು ಮೆಲ್ಲಗೆ ಬೆಳೆಸುವಾಗ) ಒಂದೇ ಸ್ವರಗುಚ್ಛವನ್ನು ಎಷ್ಟು ಸಲ ತಿರುಗಿ ಹಾಡಿದರು ಅನ್ನೋದರ ಕಡೆ ಗಮನ ಇರಲಿ.

ಕುರ್ಚಿಗಿಂತ ಭಾರತೀಯ ಬೈಠಕ್ ಟಿಕೆಟ್ ಅಗ್ಗ, ನೆಲದ ಮೇಲೆ ಕೂರಬೇಕು. ಡಿಸೆಂಬರಿನ ಪುಣೆಯಲ್ಲಿ ಸಂಜೆಯಾದ ಮೇಲೆ ನೆಲ ತಣ್ಣಗೆ ಕೊರೆಯುತ್ತದೆ, ದಪ್ಪನೆಯ ಚಾದರ, ಸ್ವೆಟರ್ ಒಯ್ಯಿರಿ. ಹಿರಿಯರು ಕೊನೆಗೆ ಹಾಡುವುದು ವಾಡಿಕೆ. ಆದರೂ ಮಧ್ಯಾಹ್ನವೇ ಹೋಗಿ ಕೂರಿ. ಹೆಸರು ಮಾಡಲು ಬಂದ ಕಿರಿಯರು ಆ ಹೊತ್ತಿಗೆ ಹಾಡುತ್ತಿರುತ್ತಾರೆ, ಭೀಂಪಲಾಸಿ, ಮುಲ್ತಾನಿ, ಮಧುವಂತಿಯಂಥ ಮಧ್ಯಾಹ್ನದ ರಾಗಗಳು ರಾತ್ರಿಯ ದೊಡ್ಡ ಹೆಸರುಗಳಿಂದ ಸಿಗುವುದಿಲ್ಲ.